ಗಾರ್ಡ್ ಸೀಟಿ ಊದುವುದು ಯಾರಿಗಾಗಿ?

ಸಿಗ್ನಲ್ ಹಸಿರಾದ ಮೇಲೂ ರೈಲಿನ ಕೊನೆಯಲ್ಲಿರುವ ಗಾರ್ಡ್ ಸೀಟಿ ಯಾಕೆ ಊದುತ್ತಾರೆ, ಅಷ್ಟು ದೂರದ ಇಂಜಿನ್‌ಗೆ ಅದು ಕೇಳಿಸುತ್ತಾ ಅಂತ ಕೇಳಿದ್ದೀರಿ.

ಉದ್ದದ ರೈಲಿನಲ್ಲಿ ಕೇಳಿಸುವುದು ಕಷ್ಟ ಸರ್. 24 ಎಲ್‌ಎಚ್‌ಬಿ (ಹೊಸ ಮಾದರಿಯ) ಬೋಗಿಗಳ ರೈಲು ಅರ್ಧ ಕಿಲೋಮೀಟರಿಗೂ ಜಾಸ್ತಿ ಉದ್ದ. ಸಾಲದ್ದಕ್ಕೆ ಪ್ಲಾಟ್‌ಫಾರ್ಮಿನ ಗದ್ದಲ, ಚಾಯ್ ಚಾಯ್ ಕೂಗು. ಆ ಸೀಟಿ ಹೆಚ್ಚಾಗಿ ನಮ್ಮಂಥವರಿಗೆ: ನೀರಿನ ಬಾಟಲಿ ತುಂಬಿಸಲು ಇಳಿದವರು, ಬಾಗಿಲಲ್ಲಿ ನಿಂತು ಮಾತು ಮುಗಿಸದವರು. ಲೋಕೋ ಪೈಲಟ್‌ಗೆ, ಅಂದರೆ ಇಂಜಿನ್ ಓಡಿಸುವವರಿಗೆ, ತೋರಿಸುವುದು ಹಸಿರು ಬಾವುಟ, ರಾತ್ರಿಯಾದರೆ ಹಸಿರು ದೀಪ. ಈಗ ವಾಕಿಟಾಕಿಯೂ ಇದೆ.

ಸಿಗ್ನಲ್ ಹೇಳುವುದು ಮುಂದಿನ ದಾರಿಯ ವಿಷಯ ಮಾತ್ರ. ಹಿಂದೆ ಯಾರೋ ಅಜ್ಜಿ ಇನ್ನೂ ಮೆಟ್ಟಿಲ ಮೇಲೆ ಇದ್ದಾರಾ, ಪಾರ್ಸೆಲ್ ಹಾಕಿ ಮುಗಿಯಿತಾ, ಅದಕ್ಕೆ ಹೇಗೆ ಗೊತ್ತಾಗಬೇಕು? ಹಾಗಾಗಿ ಗಾರ್ಡ್ ಒಪ್ಪಿಗೆ ಬೇಕು. ಮುಂದಿನ ಸಲ ಕೊನೆಯ ಬೋಗಿಯ ಹತ್ತಿರ ನಿಂತು ನೋಡಿ. ಒಂದು ಕೈಲಿ ಬಾಗಿಲ ಕಂಬಿ, ಇನ್ನೊಂದರಲ್ಲಿ ಬಾವುಟ, ಬಾಯಲ್ಲಿ ಸೀಟಿ. ಊದುವಾಗಲೂ ಕಣ್ಣು ಮಾತ್ರ ಪ್ಲಾಟ್‌ಫಾರ್ಮಿನ ಮೇಲೆಯೇ ಇರುತ್ತದೆ. ಆಮೇಲೆ ಮುಂದಿನಿಂದ ಇಂಜಿನ್ ಹಾರ್ನ್ ಕೇಳುತ್ತದೆ. ಎಷ್ಟೋ ಜನ ಈ ಹಾರ್ನ್ ಕೇಳಿದ ಮೇಲೆಯೇ ಓಡಲು ಶುರು ಮಾಡುತ್ತಾರೆ, ಅದು ಬೇರೆ ಮಾತು!

ಅಂದಹಾಗೆ, 2022ರಿಂದ ಗಾರ್ಡ್ ಹುದ್ದೆಗೆ ಟ್ರೈನ್ ಮ್ಯಾನೇಜರ್ ಅಂತ ಹೆಸರು. ಮುಂಬೈ ಲೋಕಲ್‌ನಲ್ಲಿ ಬೆಲ್ ಇದೆ. ಗಾರ್ಡ್ ಎರಡು ಸಲ ಬೆಲ್ ಒತ್ತಿದರೆ ಹೊರಡಬಹುದು, ಒಂದೇ ಸಲ ಒತ್ತಿದರೆ ನಿಲ್ಲಿಸಬೇಕು. ಅಲ್ಲಿನ ನಿಲುಗಡೆ ಕೆಲವೇ ಸೆಕೆಂಡು, ಪ್ರತಿ ಸಲ ಬಾವುಟ ಬೀಸುತ್ತಾ ಕೂತರೆ ಆಗುತ್ತಾ?