ತಣ್ಣಗಿರುವ ಎಂಜಿನ್‌ನಲ್ಲೂ ಉರಿಯುವ ಎಚ್ಚರಿಕೆ ದೀಪ
ಡೀಸೆಲ್ ಎಂಜಿನ್ ತಣ್ಣಗಿರುವಾಗಲೇ ಅತಿಬಿಸಿಯ ದೀಪ ಉರಿಯುತ್ತಿದೆ, ಒಂದೇ ವೈರಿನ ತಾಪಮಾನ ಸ್ವಿಚ್ ಬದಲಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಹೊಸದನ್ನು ಕೊಳ್ಳಬೇಡಿ. ಇಂಥ ಸ್ವಿಚ್ ಸಾಮಾನ್ಯವಾಗಿ ಬಿಸಿಯೇರಿದಾಗ ವೈರನ್ನು ಎಂಜಿನ್ನಿನ ಲೋಹಕ್ಕೆ, ಅಂದರೆ ಅರ್ಥ್‌ಗೆ, ಜೋಡಿಸುತ್ತದೆ. ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ಆನ್ ಮಾಡಿ ವೈರನ್ನು ಕಳಚಿ. ಆಗಲೂ ದೀಪ ಉರಿಯುತ್ತಿದ್ದರೆ ವೈರ್ ಬಹುಶಃ ಎಲ್ಲೋ ಸವೆದು ಲೋಹಕ್ಕೆ ತಾಗುತ್ತಿದೆ. ದೀಪ ಆರಿದರೆ ಸ್ವಿಚ್ ಮೇಲಿನ ಅನುಮಾನ ಗಟ್ಟಿಯಾಗುತ್ತದೆ.

ಖಚಿತಪಡಿಸಿಕೊಳ್ಳಲು ಅದನ್ನು ಬಿಚ್ಚಬೇಕು, ಆದರೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ. ಬಿಸಿ ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ಒತ್ತಡದಿಂದ ಚಿಮ್ಮಿ ಕೈ, ಮುಖ ಸುಡುತ್ತದೆ. ನೀರಿನ ಪಾತ್ರೆಯಲ್ಲಿ ಥರ್ಮಾಮೀಟರ್ ಜೊತೆಗೆ, ತಳಕ್ಕೆ ತಾಗದಂತೆ, ಟರ್ಮಿನಲ್ (ವೈರ್ ಸಿಕ್ಕಿಸುವ ತುದಿ) ನೆನೆಯದಂತೆ ಸ್ವಿಚ್ಚನ್ನು ಇಳಿಬಿಟ್ಟು ಕಾಯಿಸಿ. ಮಲ್ಟಿಮೀಟರಿನ ಒಂದು ತುದಿ ಟರ್ಮಿನಲ್‌ಗೆ, ಇನ್ನೊಂದು ಸ್ವಿಚ್ಚಿನ ಲೋಹದ ಮೈಗೆ. ತಣ್ಣಗಿದ್ದಾಗ ಸಂಪರ್ಕವೇ ಇರಬಾರದು. ಅದರ ಮೇಲೆ ಕೆತ್ತಿರುವ ತಾಪಮಾನದ ಆಸುಪಾಸಿನಲ್ಲಿ ಮೀಟರ್ ತೋರಿಸುವ ಓಮ್ (ವಿದ್ಯುತ್ ತಡೆಯ ಅಳತೆ) ಥಟ್ಟನೆ ಸೊನ್ನೆಯ ಹತ್ತಿರಕ್ಕೆ ಬೀಳಬೇಕು. ನಿಧಾನವಾಗಿ ಇಳಿಯುತ್ತಾ ಹೋದರೆ ಅದು ಸ್ವಿಚ್ ಅಲ್ಲ, ತಾಪಮಾನ ತೋರಿಸುವ ಗೇಜಿನ ಸೆನ್ಸರ್. ಕೆತ್ತಿರುವುದು 100 ಡಿಗ್ರಿ ಸೆಲ್ಸಿಯಸ್ ಮೀರಿದ್ದರೆ ಕುದಿಯುವ ನೀರು ಸಾಲದು. ಆನ್ ಆಗಲಿಲ್ಲವೆಂದು ಎಸೆಯಬೇಡಿ.

ಮರಳಿ ಕೂರಿಸುವಾಗ ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಬೇಡಿ. ಟೇಪಿನಿಂದಾಗಿ ಸ್ವಿಚ್ಚಿನ ಮೈಗೂ ಎಂಜಿನ್ನಿನ ಲೋಹಕ್ಕೂ ನಡುವಿನ ಅರ್ಥ್ ಕಡಿದುಹೋದರೆ ನಿಜವಾದ ಅತಿಬಿಸಿಯಲ್ಲೂ ದೀಪ ಹೊತ್ತುವುದಿಲ್ಲ.