ಹೂ ಕಟ್ಟುವ ಕೈ ಮತ್ತೆ ಅದೇ ಜಾಗಕ್ಕೆ ಬರುತ್ತದೆ
ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಬೀದಿಯಲ್ಲಿ ಕೂತು ಜನರನ್ನು ಬಿಡಿಸುವುದು

ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ಬೇರೆ ಬೇರೆ ಮಾತಿನಲ್ಲಿ. ಹಾಗಾಗಿ ಅದಕ್ಕೇ ಜಾಸ್ತಿ ಜಾಗ ಕೊಡುತ್ತಿದ್ದೇನೆ. ಪೆನ್ಸಿಲ್ ಹಿಡಿಯುವುದು ಹೇಗೆ, ಯಾವ ಪುಸ್ತಕ ಕೊಳ್ಳಬೇಕು ಅನ್ನುವುದಕ್ಕೆಲ್ಲ ಇಲ್ಲಿ ಉತ್ತರವಿಲ್ಲ.

ದೇವರಾಜ ಮಾರುಕಟ್ಟೆಯಲ್ಲಿ ಕೂತು ಜನರನ್ನು ಬಿಡಿಸಲು ಹೋದೆ. ತಲೆ ಬಿಡಿಸುವಷ್ಟರಲ್ಲಿ ಆಸಾಮಿ ಹೊರಟೇ ಹೋಗಿರುತ್ತಾನೆ. ಮೊಬೈಲ್‌ನಲ್ಲಿ ಫೋಟೊ ತೆಗೆದು ಮನೆಯಲ್ಲಿ ನಿಧಾನವಾಗಿ ಬಿಡಿಸಿದರೆ ಆಗಲ್ವಾ? ಅರ್ಬನ್ ಸ್ಕೆಚಿಂಗ್ ಅಂತ ಊರಿನ ಬೀದಿ, ಜನರನ್ನು ಬಿಡಿಸುವವರೂ ಹಾಗೇ ಮಾಡ್ತಾರಂತೆ. (ಸರಸ್ವತಿಪುರಂ, ಮೈಸೂರು)

ಆಗಲ್ಲ. ಮೊದಲು ಆ ಅಂತೆ ಕಂತೆ ಬಿಡಿ. ಅರ್ಬನ್ ಸ್ಕೆಚರ್ಸ್ ಬಳಗವನ್ನು 2007ರಲ್ಲಿ ಸಿಯಾಟಲ್‌ನಲ್ಲಿ ಶುರು ಮಾಡಿದವರು ಪತ್ರಕರ್ತ ಗೇಬ್ರಿಯಲ್ ಕಂಪನಾರಿಯೊ. ಸ್ಥಳದಲ್ಲೇ ಕೂತು, ಕಣ್ಣಾರೆ ನೋಡಿ ಬಿಡಿಸಬೇಕು ಅನ್ನುವುದೇ ಅವರ ಮೊದಲ ನಿಯಮ. ಫೋಟೊ ನೋಡಿ ಬಿಡಿಸಿ ಆ ಹೆಸರು ಹಚ್ಚುವವರು ನಿಮಗೆ ಸುಳ್ಳು ಹೇಳುತ್ತಿದ್ದಾರೆ.

ಮೊಬೈಲ್ ಕ್ಯಾಮೆರಾದ ಲೆನ್ಸ್ ಅಗಲದ ಲೆನ್ಸ್. ಎದುರಿಗೆ ಹತ್ತಿರದಲ್ಲಿ ಕೂತವರ ಫೋಟೊ ತೆಗೆದರೆ ಮುಂದಿರುವ ಮಂಡಿ ದೊಡ್ಡದಾಗುತ್ತದೆ, ಹಿಂದಿರುವ ತಲೆ ಸಣ್ಣದಾಗುತ್ತದೆ. ನೀವು ಆ ತಪ್ಪನ್ನೇ ಶ್ರದ್ಧೆಯಿಂದ ನಕಲು ಮಾಡುತ್ತೀರಿ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಫೋಟೊದಲ್ಲಿ ಮೈಯ ಅಂಚು ಕಾಣುತ್ತದೆ, ಮೈಯ ಭಾರ ಎಲ್ಲಿ ಬಿದ್ದಿದೆ ಅನ್ನುವುದು ಸರಿಯಾಗಿ ಕಾಣುವುದಿಲ್ಲ. ಹಾಗೆ ಬಿಡಿಸಿದ ಮನುಷ್ಯ ನೆಲದ ಮೇಲೆ ನಿಂತಿರುವುದಿಲ್ಲ, ಕತ್ತರಿಸಿ ಅಂಟಿಸಿದ ಹಾಗಿರುತ್ತಾನೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಚಿಕ್ಕವನಿದ್ದಾಗ ಒಬ್ಬ ಮೇಷ್ಟ್ರು ಎರಡು ವರ್ಷ ಬರೀ ಫೋಟೊ ಮೇಲೆ ಚೌಕ ಎಳೆಸಿ, ಹತ್ತಿಯಲ್ಲಿ ಉಜ್ಜಿ ಉಜ್ಜಿ ನೆರಳು ಕೊಡಿಸಿದರು. ಆಮೇಲೆ ಮಾರುಕಟ್ಟೆ ಹತ್ತಿರದ ಚಿಕ್ಕ ಗಡಿಯಾರ ಗೋಪುರದ ಕಟ್ಟೆ ಮೇಲೆ ಕೂತರೆ, ಎದುರಿಗೆ ನಿಂತ ಒಬ್ಬ ಹಮಾಲಿಯನ್ನು ಬಿಡಿಸಲು ನನ್ನ ಕೈಯಲ್ಲಿ ಆಗಲಿಲ್ಲ. ಆ ಎರಡು ವರ್ಷ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. 'ಏಳು ದಿನದಲ್ಲಿ ಭಾವಚಿತ್ರ' ಅನ್ನುವ ಕ್ಲಾಸುಗಳು ಇವತ್ತಿಗೂ ಇದನ್ನೇ ಮಾರುತ್ತಿವೆ. ದುಡ್ಡು ಕೊಡಬೇಡಿ.

ಈಗ ನಿಮ್ಮ ತಪ್ಪು ಎಲ್ಲಿದೆ ನೋಡೋಣ. ನೀವು ಕೊಳ್ಳಲು ಬಂದವರನ್ನು ಬಿಡಿಸಲು ಹೊರಟಿರಿ. ಅವರು ಹೋಗೋರೇ. ಕೆಲಸ ಮಾಡುವವರನ್ನು ಆರಿಸಿಕೊಳ್ಳಿ. ಕೆಲಸಕ್ಕೆ ಒಂದು ಸುತ್ತು ಇರುತ್ತದೆ. ಮೈ ಅದೇ ಭಂಗಿಗೆ ಮತ್ತೆ ಮತ್ತೆ ಬರುತ್ತದೆ.

ಹೂವಿನ ಸಾಲಿಗೆ ಹೋಗಿ, ಮಲ್ಲಿಗೆ ಕಟ್ಟುವ ಅಮ್ಮನ ಎದುರು ಸ್ವಲ್ಪ ದೂರದಲ್ಲಿ ಕೂತುಕೊಳ್ಳಿ. ಹತ್ತು ನಿಮಿಷ ಪುಸ್ತಕ ತೆರೆಯಬೇಡಿ, ಸುಮ್ನೆ ನೋಡಿ. ಎಡಗೈಯಲ್ಲಿ ಬಾಳೆ ನಾರು. ಬಲಗೈ ಬುಟ್ಟಿಗೆ ಇಳಿದು ಮೊಗ್ಗು ಎತ್ತುತ್ತದೆ, ತೊಟ್ಟುಗಳನ್ನು ಎದುರುಬದುರು ಜೋಡಿಸುತ್ತದೆ, ನಾರು ಸುತ್ತಿ ಕುಣಿಕೆ ಹಾಕಿ ಎಳೆಯುತ್ತದೆ. ಎಳೆಯುವಾಗ ಬಲ ಮೊಣಕೈ ಹೊರಗೆ ಬರುತ್ತದೆ, ಭುಜ ಒಂಚೂರು ಏಳುತ್ತದೆ. ಕಣ್ಣು ಮಾತ್ರ ಕೈ ಮೇಲೆ ಇರುವುದಿಲ್ಲ, ಬರುವ ಗಿರಾಕಿಯ ಮೇಲೆ ಇರುತ್ತದೆ. ಗಿರಾಕಿ ಬಂದರೆ ಮಾಲೆ ಮೇಲೇಳುತ್ತದೆ, ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ, ಎರಡು ಮೊಳ. ಆಮೇಲೆ ಕೈ ಮತ್ತೆ ಬುಟ್ಟಿಗೇ.

ಅಂದರೆ ನಿಮ್ಮ ಮುಂದೆ ಮೂರೇ ಭಂಗಿ ಇವೆ: ಎತ್ತುವುದು, ಎಳೆಯುವುದು, ಅಳೆಯುವುದು. ಒಂದೇ ಪುಟದಲ್ಲಿ ಮೂರನ್ನೂ ಶುರು ಮಾಡಿ. ಕೈ ಬುಟ್ಟಿಗೆ ಇಳಿದಾಗ ಮೊದಲನೆಯದಕ್ಕೆ ಎರಡು ಗೆರೆ ಸೇರಿಸಿ. ಎಳೆದಾಗ ಎರಡನೆಯದಕ್ಕೆ ಹೋಗಿ. ಅವಸರ ಬೇಡ, ಆ ಕೈ ಸಾಯಂಕಾಲದವರೆಗೆ ನೂರಾರು ಸಲ ಅಲ್ಲಿಗೇ ಬರುತ್ತದೆ. ಮುಖ ಕೊನೆಗೆ. ತಲೆ ವಾಲಿದ ರೀತಿ, ಭುಜದ ಗೆರೆ, ಬೆನ್ನಿನ ಬಾಗು ಇಷ್ಟು ಮೊದಲು ಬರಲಿ. ನಿಂತ ಮನುಷ್ಯ ತನ್ನ ತಲೆಯ ಸುಮಾರು ಏಳೂವರೆ ಪಟ್ಟು ಎತ್ತರ, ಚಕ್ಕಳಮಕ್ಕಳ ಹಾಕಿ ಕೂತರೆ ನಾಲ್ಕು ಪಟ್ಟು. ಕೂತವರನ್ನು ಎಲ್ಲರೂ ಉದ್ದ ಮಾಡಿಬಿಡುತ್ತಾರೆ, ಅಳೆದು ನೋಡಿ.

ಅದೇ ಮಾರುಕಟ್ಟೆಯಲ್ಲಿ ಕುಂಕುಮದ ಬಣ್ಣಬಣ್ಣದ ಗೋಪುರಗಳನ್ನು ಬಿಡಿಸಿ ಕಳಿಸುವವರು ತುಂಬಾ ಜನ. ಆ ಗೋಪುರವನ್ನು ಒತ್ತಿ ನಯ ಮಾಡುವ ಕೈಯನ್ನು ಬಿಡಿಸಿದವರು ಇಲ್ಲಿವರೆಗೆ ನನಗೆ ಸಿಕ್ಕಿಲ್ಲ. ನನಗೆ ಬೇಜಾರಾಗುವುದು ಅದಕ್ಕೇ.

ಇದು ಬಂದ ಮೇಲೆ ಸಿಟಿ ಬಸ್ ನಿಲ್ದಾಣಕ್ಕೆ ಹೋಗಿ. ಬಸ್ಸಿಗೆ ಕಾಯುವವರು ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತಿರುತ್ತಾರೆ. ಭಾರ ಬಿದ್ದ ಕಡೆ ಸೊಂಟ ಮೇಲೆ, ಅದೇ ಕಡೆ ಭುಜ ಕೆಳಗೆ. ಕುತ್ತಿಗೆಯ ಗುಳಿಯಿಂದ ನೇರ ಕೆಳಕ್ಕೆ ಒಂದು ಗೆರೆ ಬಿಟ್ಟರೆ ಅದು ಭಾರ ಹೊತ್ತ ಕಾಲಿನ ಹತ್ತಿರವೇ ಬೀಳುತ್ತದೆ. ಬೀಳದಿದ್ದರೆ ನಿಮ್ಮ ಆಳು ಮುಗ್ಗರಿಸುತ್ತಾನೆ. ಕೈಯಲ್ಲಿ ಭಾರದ ಚೀಲ ಇದ್ದರೆ ಮೈ ಆಚೆ ಕಡೆಗೆ ವಾಲುತ್ತದೆ, ಖಾಲಿ ಕೈ ಮೈಯಿಂದ ದೂರ ತೇಲುತ್ತದೆ. ಅಲ್ಲೇ ಹತ್ತಿರ ಟಾಂಗಾ ಕುದುರೆ ನಿಂತಿದ್ದರೆ ಅದರ ಹಿಂಗಾಲು ನೋಡಿ. ಒಂದನ್ನು ಮಡಿಸಿ ವಿಶ್ರಾಂತಿ ಕೊಟ್ಟಿರುತ್ತದೆ, ಅದರ ಸೊಂಟವೂ ಹೀಗೇ ವಾಲಿರುತ್ತದೆ.

ಬಿಡಿಸುವ ಮಧ್ಯೆ ಬಸ್ ಬಂದು ಅವರು ಹತ್ತಿ ಹೋದರು ಅನ್ನಿ. ಅದೇ ಮೈಕಟ್ಟಿನ ಇನ್ನೊಬ್ಬರು ಬರುತ್ತಾರೆ, ಕಾಲು ಅವರದು ತೆಗೆದುಕೊಳ್ಳಿ. ಇದು ಮೋಸ ಅಂತ ಕೆಲವು ಮೇಷ್ಟ್ರುಗಳು ಹೇಳುತ್ತಾರೆ. ನಾನು ಒಪ್ಪುವುದಿಲ್ಲ, ಎರಡೂ ನೀವು ಕಣ್ಣಾರೆ ಕಂಡದ್ದೇ ಅಲ್ವಾ? ಯಾರೂ ಬರದಿದ್ದರೆ ಕಣ್ಣು ಮುಚ್ಚಿ ನೆನಪಿಗೆ ಬಂದಷ್ಟನ್ನೇ ಬಿಡಿಸಿ ನಿಲ್ಲಿಸಿ. ಅರ್ಧ ಬಿಟ್ಟ ಚಿತ್ರ ಕೆಟ್ಟದ್ದಲ್ಲ.

ಗುಂಪು ಬಿಡಿಸುವಾಗ ಒಂದು ಮಾತು. ನೀವು ಸಮ ನೆಲದಲ್ಲಿ ನಿಂತು ನೋಡಿದರೆ, ಹತ್ತಿರದವರಿರಲಿ ದೂರದವರಿರಲಿ, ನಿಮ್ಮಷ್ಟೇ ಎತ್ತರದ ಎಲ್ಲರ ಕಣ್ಣೂ ಒಂದೇ ಗೆರೆಯಲ್ಲಿ ಬರುತ್ತದೆ. ಕೂತು ನೋಡಿದರೆ ಆ ಗೆರೆ ಅವರ ಸೊಂಟದ ಆಸುಪಾಸಿಗೆ ಇಳಿಯುತ್ತದೆ. ಇದನ್ನು ಮರೆತರೆ ದೂರದವರು ಗಾಳಿಯಲ್ಲಿ ನೇತಾಡುತ್ತಾರೆ.

ನಮ್ಮ ಕಡೆ ಬಿಡಿಸುವಂಥದ್ದು ಏನೂ ಇಲ್ಲ. ಮೈಸೂರಿಗೇ ಬರಬೇಕಾ? (ಮಂಡ್ಯ)

ಮಂಡ್ಯದಲ್ಲಿ ಕೂತು ಹೀಗೆ ಕೇಳಬಾರದು. ಆಲೆಮನೆಗೆ ಹೋಗಿ. ಒಬ್ಬರು ಗಾಣಕ್ಕೆ ಕಬ್ಬು ಕೊಡುತ್ತಿರುತ್ತಾರೆ, ಒಬ್ಬರು ಒಲೆಗೆ ಒಣಗಿದ ಸಿಪ್ಪೆ ತಳ್ಳುತ್ತಿರುತ್ತಾರೆ, ಒಬ್ಬರು ಕೊಪ್ಪರಿಗೆ ತಿರುವುತ್ತಿರುತ್ತಾರೆ. ಬಗ್ಗುವುದು, ತಳ್ಳುವುದು, ಹಿಂದಕ್ಕೆ ಬರುವುದು. ಹೂವಿನ ಸಾಲಿನ ಪಾಠವೇ, ಆದರೆ ಇಲ್ಲಿ ಬರೀ ಕೈಯಲ್ಲ, ಇಡೀ ಮೈ ಕೆಲಸ ಮಾಡುತ್ತದೆ. ಕೊಪ್ಪರಿಗೆಯಿಂದ ದೂರ ಕೂತುಕೊಳ್ಳಿ. ಕುದಿಯುವ ಪಾಕ ಸಿಡಿದರೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ.

ಯಾವ ಪೆನ್ನು ಒಳ್ಳೆಯದು? (ಹಲವರು)

ಅಂಗಡಿಯ ಬಾಲ್ ಪೆನ್ನು ಸಾಕು. ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕನ್ನು ಫೌಂಟನ್ ಪೆನ್ನಿಗೆ ಮಾತ್ರ ಹಾಕಬೇಡಿ. ಅದರಲ್ಲಿ ಅರಗಿನಂಥ ಅಂಟು ಇರುತ್ತದೆ, ಒಣಗಿದರೆ ಪೆನ್ನು ಕಟ್ಟಿಕೊಳ್ಳುತ್ತದೆ.

ವಯಸ್ಸು 58. ಕಲೆ ಹುಟ್ಟಿನಿಂದ ಬರಬೇಕು ಅಂತಾರೆ. ನನಗೆ ಸಾಧ್ಯವಾ? (ಗೋಕುಲಂ, ಮೈಸೂರು)

ಸಾಧ್ಯ. ಹಾಗೆ ಹೇಳುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. 1921ರಲ್ಲಿ ಮೈಸೂರಿನಲ್ಲೇ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬೈಯ ಜೆ.ಜೆ. ಕಲಾಶಾಲೆ ಸೀಟು ಕೊಡಲಿಲ್ಲ. ಅವರು ಇಲ್ಲಿನ ಮಹಾರಾಜ ಕಾಲೇಜಿನಲ್ಲಿ ಓದಿದರು, ಚಿತ್ರ ಬಿಡಿಸುವುದನ್ನು ಬಿಡಲಿಲ್ಲ. ಕಾಗೆಯಂಥ ದಿನಾ ಕಾಣುವ ಹಕ್ಕಿಯನ್ನೇ ನೋಡಿ ನೋಡಿ ಬಿಡಿಸಿದರು. ನೀವು ನಾಳೆ ಬೆಳಗ್ಗೆ ಹಾಲಿನ ಬೂತ್ ಹತ್ತಿರ ಶುರು ಮಾಡಿ.

ಕೇಳದೆ ಬಿಡಿಸಬಹುದಾ? ಒಬ್ಬರು ಜಗಳಕ್ಕೆ ಬಂದರು. (ವಿಜಯನಗರ, ಮೈಸೂರು)

ಬೀದಿಯಲ್ಲಿ ಕೆಲಸ ಮಾಡುವವರನ್ನು ಕೇಳದೆ ಶುರು ಮಾಡುತ್ತೇನೆ, ಅವರು ನೋಡಿದ ಕೂಡಲೇ ಪುಸ್ತಕ ತೋರಿಸುತ್ತೇನೆ. ಮುಚ್ಚಿಟ್ಟುಕೊಂಡರೇ ಜಗಳ ಆಗುವುದು. ಫುಟ್‌ಪಾತ್‌ನಲ್ಲಿ ಮಲಗಿದವರು, ಭಿಕ್ಷೆ ಬೇಡುವವರು, ಆಸ್ಪತ್ರೆಯಲ್ಲಿ ಕಾಯುವವರು, ಇವರನ್ನು ನಾನು ಬಿಡಿಸುವುದಿಲ್ಲ, ನೀವೂ ಬಿಡಿಸಬೇಡಿ. ಮಗುವಾದರೆ ಅಮ್ಮನನ್ನು ಮೊದಲು ಕೇಳಿ. ಬೇಡ ಅಂದರೆ ಪುಟ ತಿರುವಿ, ಬೇರೆ ಕಡೆ ಮುಖ ಮಾಡಿ ಕೂತುಕೊಳ್ಳಿ.