ಯಾವ ಪಿನೋಕಿಯೋ ಅಂತ ಮೊದಲು ನೋಡಿ ಮೇಡಂ

ಭಾನುವಾರ ಅಪಾರ್ಟ್‌ಮೆಂಟಿನ ಚಿಕ್ಕ ಮಕ್ಕಳಿಗೆ ನೆಟ್‌ಫ್ಲಿಕ್ಸ್‌ನ ಪಿನೋಕಿಯೋ ಹಾಕ್ತೀನಿ, ಜೀವ ಬಂದ ಮರದ ಬೊಂಬೆಯ ಸಿನಿಮಾ ತಾನೇ ಅಂತ ಬರೆದಿದ್ದೀರಿ. ಸ್ವಲ್ಪ ತಡೆಯಿರಿ. ನಾನೂ ಹಾಗೇ ಹಾಕಿ, ಅರ್ಧಕ್ಕೆ ನಿಲ್ಲಿಸಿ, ಪಕ್ಕದ ಮನೆಯವರ ಹತ್ತಿರ ಬೈಸಿಕೊಂಡವನು.

2022ರಲ್ಲಿ ಎರಡು ದೊಡ್ಡ ಪಿನೋಕಿಯೋ ಸಿನಿಮಾ ಬಂದವು. ಡಿಸ್ನಿಯದು ನಿರ್ದೇಶಕ ಝೆಮೆಕಿಸ್ ಮಾಡಿದ್ದು, ಭಯವಿಲ್ಲ, ನನಗಂತೂ ಸಪ್ಪೆ. ನೆಟ್‌ಫ್ಲಿಕ್ಸ್‌ನದು ನಿರ್ದೇಶಕ ಡೆಲ್ ಟೋರೋ ಅವರದು. ಶುರುವಿನಲ್ಲೇ ಚರ್ಚ್ ಮೇಲೆ ಬಾಂಬ್ ಬಿದ್ದು ಬಡಗಿ ಜೆಪೆಟ್ಟೋನ ಮಗ ಕಾರ್ಲೋ ಸಾಯುತ್ತಾನೆ. ಮುದುಕ ಕುಡಿದು, ಮಗನ ಸಮಾಧಿ ಹತ್ತಿರ ಬೆಳೆದ ಮರ ಕಡಿದು, ಸಿಟ್ಟಲ್ಲಿ ಬೊಂಬೆ ಕೆತ್ತುತ್ತಾನೆ, ಅದೇ ಪಿನೋಕಿಯೋ. ಆಮೇಲೆ ಮುಸೊಲಿನಿ ಕಾಲದ ಇಟಲಿ, ಹುಡುಗರಿಗೆ ಯುದ್ಧ ಕಲಿಸುವ ಶಿಬಿರ. ಪಿನೋಕಿಯೋ ಸಾಯುವುದೂ ಒಂದೇ ಸಲವಲ್ಲ, ಮತ್ತೆ ಮತ್ತೆ! ಪಿಜಿ ರೇಟಿಂಗ್ (ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದು ಅನ್ನುವ ಗುರುತು) ನೋಡಿ ಧೈರ್ಯ ಮಾಡಬೇಡಿ. ಹತ್ತು ವರ್ಷ ದಾಟಿದ ಮಕ್ಕಳಿಗೆ ಹಾಕಿ, ಅದೂ ನೀವು ಮೊದಲು ಒಬ್ಬರೇ ಪೂರ್ತಿ ನೋಡಿ. ಈಚೆಗೆ ಮನೆಯಲ್ಲಿ ಸಾವಾಗಿರುವ ಮಗು ಇದ್ದರೆ ಬೇಡವೇ ಬೇಡ.

ಮೂಲ ಕಥೆ ಮುದ್ದಾಗಿತ್ತು, ಇವರು ಕೆಡಿಸಿದರು ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಸುಮ್ನೆ ಹೇಳಬೇಡಿ ಸಾರ್. ಮೂಲ ಕಥೆಯ ಇಟಾಲಿಯನ್ ಲೇಖಕ ಕೊಲ್ಲೋಡಿ 1881ರಲ್ಲಿ ಅದನ್ನು ಮಕ್ಕಳ ಪತ್ರಿಕೆಗೆ ಧಾರಾವಾಹಿಯಾಗಿ ಬರೆದಾಗ ಪಿನೋಕಿಯೋನನ್ನು ಓಕ್ ಮರಕ್ಕೆ ನೇಣು ಹಾಕಿಸಿ ಕಥೆ ಮುಗಿಸಿದ್ದರು, ಮುಂದುವರಿಸಿದ್ದು ಆಮೇಲೆ. ಬುದ್ಧಿ ಹೇಳಲು ಬಂದ ಜೀರುಂಡೆ ಸುತ್ತಿಗೆ ಏಟಿಗೆ ಗೋಡೆಗೆ ಅಂಟಿಕೊಂಡು ಸಾಯುತ್ತದೆ. ಮುದ್ದು ಮಾಡಿದ್ದು 1940ರ ಡಿಸ್ನಿ.

ಇನ್ನೊಂದು, ಇದನ್ನು ಯಾರೂ ಕೇಳಲ್ಲ, ಆದರೂ ಹೇಳ್ತೀನಿ. ಟಿವಿಯ ಮೋಷನ್ ಸ್ಮೂದಿಂಗ್ (ಚಲನೆಯನ್ನು ನಯ ಮಾಡುವ ಸೆಟಿಂಗ್) ಆಫ್ ಮಾಡಿ! ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಅಂತ ಇರುತ್ತದೆ. ಡೆಲ್ ಟೋರೋ ಸಿನಿಮಾದಲ್ಲಿ ಬೊಂಬೆಯನ್ನು ಕೈಯಲ್ಲಿ ಚೂರುಚೂರೇ ಅಲುಗಿಸಿ ಒಂದೊಂದೇ ಫ್ರೇಮ್, ಅಂದರೆ ಒಂದೊಂದೇ ಚಿತ್ರ, ತೆಗೆದಿದ್ದಾರೆ, ನಡುವೆ ಟಿವಿ ತನ್ನದೇ ಫ್ರೇಮ್ ತುರುಕಿದರೆ ಆ ನಡುಕದ ಚಂದವೇ ಹೋಗುತ್ತದೆ. ಸಾವಿರಾರು ರೂಪಾಯಿಯ ಸೌಂಡ್‌ಬಾರ್ ತರುತ್ತೀರಿ, ಇದೊಂದು ಸೆಟಿಂಗ್ ಮುಟ್ಟಲ್ಲ.

ದೊಡ್ಡವರಿಗೆ ಮಾತ್ರ ಅಂದರೆ 2019ರಲ್ಲಿ ನಿರ್ದೇಶಕ ಗರೋನೆ ಮಾಡಿದ ಪಿನೋಕಿಯೋನೂ ನೋಡಿ. ಬೊಂಬೆಯಲ್ಲ, ನಟರು. ಜೆಪೆಟ್ಟೋ ಆಗಿರುವುದು ರೊಬೆರ್ಟೋ ಬೆನಿನ್ಯಿ, 2002ರಲ್ಲಿ ತಾನೇ ಪಿನೋಕಿಯೋ ಆಗಿದ್ದವರು. ಇಟಾಲಿಯನ್‌ನಲ್ಲೇ ಸಬ್‌ಟೈಟಲ್ ಹಾಕಿಕೊಂಡು ನೋಡಿ, ಇಂಗ್ಲಿಷ್ ಡಬ್ಬಿಂಗ್ ಸಹವಾಸ ಬೇಡ.

ಡೆಲ್ ಟೋರೋದೇ ಹಾಕೋದಾದರೆ ಸುಮಾರು ಎರಡು ಗಂಟೆ ಬೇಕು, ನಾಲ್ಕಕ್ಕೇ ಶುರು ಮಾಡಿ. ಮುಗಿದ ಮೇಲೆ ಮಕ್ಕಳು ಪ್ರಶ್ನೆ ಕೇಳುತ್ತಾರೆ, ಮರುದಿನ ಸ್ಕೂಲು ಬೇರೆ.